ಮಧುಮೇಹಿಯ ಪಾದ: ವುಝೂ ಮಾಡುವಾಗ ನಾವು ನೋಡದೆ ಬಿಟ್ಟದ್ದು

ಎರಡು ವರ್ಷಗಳ ಹಿಂದಿನ ಮಾತು. ಮಸೀದಿಯಲ್ಲಿ ಅಸರ್ ನಮಾಝಿಗೆ ವುಝೂ ಮಾಡುತ್ತಿದ್ದೆ. ಪಕ್ಕದ ನಳ್ಳಿಯಲ್ಲಿ ನನ್ನ ಸೋದರಮಾವ ಕಾಲು ತೊಳೆಯುತ್ತಿದ್ದರು. ಅವರ ಕಾಲಿನಿಂದ ಹರಿದು ಬಂದ ನೀರು ತಿಳಿಗೆಂಪಾಗಿತ್ತು. "ಮಾಮ, ಕಾಲಿಗೆ ಏನೋ ತಾಗಿದೆ, ರಕ್ತ ಬರುತ್ತಿದೆ" ಎಂದೆ. ಅವರು ಬಗ್ಗಿ ನೋಡಿದರು, ಪಾದ ತಿರುಗಿಸಿ ನೋಡಲು ಬೆನ್ನು ಬಾಗಲಿಲ್ಲ. "ನೋವೇ ಇಲ್ಲವಲ್ಲ ಉಸ್ತಾದರೇ, ಅಲ್‌ಹಮ್ದುಲಿಲ್ಲಾಹ್" ಎಂದರು. ನಾನು ಮದ್ರಸದಲ್ಲಿ ಕಲಿಸಲು ತೊಡಗಿದ ದಿನದಿಂದ ಅವರು ನನ್ನನ್ನು ಹಾಗೆಯೇ ಕರೆಯುತ್ತಾರೆ.

ನಾನೇ ಕೂತು ಅವರ ಪಾದವನ್ನು ಎತ್ತಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಮರುವಾಯಿ ಚಿಪ್ಪಿನ ಚೂರೊಂದು ಮಾಂಸದೊಳಗೆ ಕೂತಿತ್ತು. ಬೆಳಿಗ್ಗೆ ಅವರು ಹೆಜಮಾಡಿ ಕೋಡಿಯ ಕಡಲ ಬದಿಗೆ ಮೀನು ತರಲು ಹೋಗಿದ್ದರು. ಚಪ್ಪಲಿಯೊಳಗೆ ಸೇರಿದ ಆ ಚೂರಿನ ಮೇಲೆ ದೇಹದ ಪೂರ್ತಿ ಭಾರ ಹಾಕಿ ಅವರು ಮನೆಗೆ ನಡೆದಿದ್ದಾರೆ, ಅಂಗಡಿಗೆ ಹೋಗಿದ್ದಾರೆ, ಝುಹರ್ ನಮಾಝಿಗೂ ಬಂದಿದ್ದಾರೆ. ಝುಹರ್‌ಗೆ ಇದೇ ಕಾಲನ್ನು ಇದೇ ನಳ್ಳಿಯಲ್ಲಿ ತೊಳೆದಿದ್ದಾರೆ. ತಿಳಿದಿಲ್ಲ.

ಗಾಯ ಸಣ್ಣದಿತ್ತು. ಮೂರು ತಿಂಗಳ ಬಳಿಕ ಅವರ ಬಲಗಾಲಿನ ಎರಡು ಬೆರಳುಗಳನ್ನೂ ಮುಂಪಾದದ ಒಂದು ಭಾಗವನ್ನೂ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬೇಕಾಯಿತು. ಹದಿನಾಲ್ಕು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ಗಲ್ಫಿನಲ್ಲಿದ್ದಾಗಲೇ ಆರಂಭವಾದದ್ದು. ಮಾತ್ರೆ ತಪ್ಪಿಸಿದವರಲ್ಲ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದವರು. ಆದರೆ ಈ ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಯಾರೂ ಅವರಿಗೆ "ಚಪ್ಪಲಿ ಕಳಚಿ, ಪಾದ ತೋರಿಸಿ" ಎಂದು ಹೇಳಿರಲಿಲ್ಲ. ಅವರ ಬಗಲಲ್ಲೇ ಕೂತು ದಿನವೂ ವುಝೂ ಮಾಡುತ್ತಿದ್ದ ನಾನೂ ನೋಡಿರಲಿಲ್ಲ.

ಅಲ್ಲಾಹನನ್ನು ಸ್ತುತಿಸುವುದು ಎಂದೂ ತಪ್ಪಾಗದು. ಆದರೆ ನೋವಿಲ್ಲವೆಂಬ ಕಾರಣಕ್ಕೆ ಮಾಮ ಸಮಾಧಾನಪಟ್ಟರಲ್ಲ, ಆ ಸಮಾಧಾನವೇ ಅವರ ಕಾಲನ್ನು ತಿಂದಿತು. ಮಧುಮೇಹವಿರುವ ಮನೆಗಳಲ್ಲಿ ಈ ಒಂದು ಸಂಗತಿ ಸರಿಯಾಗಿ ಅರ್ಥವಾಗಬೇಕೆಂಬುದೇ ಈ ಬರಹದ ಉದ್ದೇಶ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದಾಗ ನರಗಳಿಗೂ ಆ ನರಗಳಿಗೆ ಆಹಾರ ಒದಗಿಸುವ ಅತಿ ಸಣ್ಣ ರಕ್ತನಾಳಗಳಿಗೂ ಹಾನಿಯಾಗುತ್ತದೆ. ದೇಹದ ಅತಿ ಉದ್ದದ ನರಗಳು ಬೆನ್ನಿನಿಂದ ಕಾಲ್ಬೆರಳಿನ ತುದಿಯವರೆಗೆ ಬರುವಂಥವು. ಆದ್ದರಿಂದ ಹಾನಿ ಮೊದಲು ಕಾಣಿಸಿಕೊಳ್ಳುವುದು ಬೆರಳ ತುದಿಯಲ್ಲಿ. ಬಳಿಕ ಕಾಲುಚೀಲ ಏರಿಸಿದ ಹಾಗೆ ಅದು ನಿಧಾನವಾಗಿ ಮೇಲಕ್ಕೆ ಹಬ್ಬುತ್ತದೆ. ಕೆಲವರಿಗೆ ಜೋಮು, ಇರುವೆ ಹರಿದಾಡಿದಂಥ ಅನುಭವ, ರಾತ್ರಿ ಹೊತ್ತು ಪಾದ ಉರಿಯುವುದು, ಹತ್ತಿಯ ಮೇಲೆ ನಡೆದಂತೆ ಭಾಸವಾಗುವುದು ಇವೆಲ್ಲ ಇರುತ್ತವೆ. ಇಂಥವರು ವೈದ್ಯರ ಬಳಿಗೆ ಹೋಗುತ್ತಾರೆ. ಆದರೆ ನರ ಹಾನಿಯಾದವರಲ್ಲಿ ಅರ್ಧದಷ್ಟು ಮಂದಿಗೆ ಇಂಥ ಯಾವ ಲಕ್ಷಣವೂ ಇಲ್ಲದಿರಬಹುದು. ಅವರ ಪಾದ ಸದ್ದಿಲ್ಲದೆ ಮರಗಟ್ಟುತ್ತದೆ. ಬೆವರು ಹೊರಡಿಸುವ ನರಗಳೂ ಸೋಲುವುದರಿಂದ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಪಾದದ ಸಣ್ಣ ಸ್ನಾಯುಗಳು ಬಲಹೀನವಾಗಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ, ಭಾರವೆಲ್ಲ ಒಂದೇ ಕಡೆ ಬಿದ್ದು ಆಣಿ ಕಟ್ಟುತ್ತದೆ, ಆಣಿಯ ಅಡಿಯಲ್ಲಿ ಹುಣ್ಣಾಗುತ್ತದೆ. ಮಧುಮೇಹದ ಕಾರಣದಿಂದ ಕಾಲು ಕತ್ತರಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಅದಕ್ಕೂ ಮೊದಲು ಪಾದದಲ್ಲಿ ಹುಣ್ಣೊಂದು ಇತ್ತೆಂದು ವೈದ್ಯಶಾಸ್ತ್ರ ಹೇಳುತ್ತದೆ. ಎಂದರೆ, ತಡೆಯಲು ಸಮಯವಿತ್ತು.

ನೋವಿನ ಬೆಲೆಯನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ನೆರೆಯ ತಮಿಳುನಾಡಿನಲ್ಲಿ ದುಡಿದ ವೈದ್ಯರು. ಡಾ. ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ಕೊಲ್ಲಿ ಮಲೆಯಲ್ಲಿ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಅವರು ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡಿದರು. ಆ ರೋಗದಲ್ಲಿ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆಂದು ಜನರೂ ಅನೇಕ ವೈದ್ಯರೂ ನಂಬಿದ್ದ ಕಾಲ ಅದು. ಬ್ರ್ಯಾಂಡ್ ಮತ್ತು ಸಂಗಡಿಗರು ಬೇರೆಯೇ ಸಂಗತಿ ಕಂಡರು. ರೋಗ ನರಗಳನ್ನು ಕೊಲ್ಲುತ್ತದೆ, ನೋವು ತಿಳಿಯದ ಮನುಷ್ಯ ಬಿಸಿ ಪಾತ್ರೆ ಹಿಡಿದು, ಮುಳ್ಳು ತುಳಿದು, ಗಾಯದ ಮೇಲೆಯೇ ನಡೆದು ತನ್ನ ಬೆರಳುಗಳನ್ನು ತಾನೇ ಕಳೆದುಕೊಳ್ಳುತ್ತಾನೆ. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿ ಮಧುಮೇಹಿಗಳ ಪಾದದಲ್ಲೂ ಇದೇ ಕಥೆಯಿರುವುದನ್ನು ಕಂಡು, ವೆಲ್ಲೂರಿನಲ್ಲಿ ಕಲಿತದ್ದನ್ನು ಅವರಿಗೂ ಅನ್ವಯಿಸಿದರು. ಇಂದು ಸಕ್ಕರೆ ಕಾಯಿಲೆಯವರಿಗೆಂದು ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿಯೂ ಮೂಲತಃ ಕುಷ್ಠರೋಗಿಗಳಿಗಾಗಿ ಬಳಕೆಗೆ ಬಂದದ್ದೇ. ನಮ್ಮ ಜನ ಅದನ್ನು ಹಾಕಿಕೊಳ್ಳಲು ನಾಚುತ್ತಾರೆ. ಮದುವೆ ಮನೆಗೆ ಹೋಗುವಾಗ ಅದನ್ನು ಬಿಟ್ಟು ಬಿಗಿಯಾದ ಹೊಸ ಚಪ್ಪಲಿ ಹಾಕುವವರನ್ನು ನಾನು ಬಲ್ಲೆ.

ಇನ್ನು ಪರೀಕ್ಷೆಯ ವಿಷಯ. ಇದಕ್ಕೆ ದೊಡ್ಡ ಯಂತ್ರ ಬೇಕಾಗಿಲ್ಲ. ವೈದ್ಯರ ಬಳಿ ನೈಲಾನಿನ ಒಂದು ಎಳೆ ಇರುತ್ತದೆ, ಮಾನೋಫಿಲಮೆಂಟ್ ಎನ್ನುತ್ತಾರೆ. ಸಣ್ಣ ಹಿಡಿಕೆಗೆ ಸಿಕ್ಕಿಸಿದ ಈ ಎಳೆಯನ್ನು ಪಾದಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಬಲಕ್ಕೆ ಅದು ಬಾಗುತ್ತದೆ. ಹೀಗಾಗಿ ಯಾರು ಒತ್ತಿದರೂ ಬಲ ಒಂದೇ. ಅಷ್ಟು ಒತ್ತಿದರೂ ತಿಳಿಯದ ಪಾದ ಅಪಾಯದಲ್ಲಿದೆಯೆಂದು ಅರ್ಥ. ಇದರ ಜತೆಗೆ ಸೆಕೆಂಡಿಗೆ 128 ಬಾರಿ ಕಂಪಿಸುವ ಶ್ರುತಿಕವೆಯನ್ನು ಹೆಬ್ಬೆರಳಿನ ಎಲುಬಿಗೆ ತಾಗಿಸಿ ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತಾರೆ, ಪಾದದ ನಾಡಿ ಮುಟ್ಟಿ ರಕ್ತ ಸಂಚಾರ ನೋಡುತ್ತಾರೆ. ಎಲ್ಲ ಸೇರಿ ಐದು ನಿಮಿಷವೂ ಹಿಡಿಯದು. ನಾವು ಮಧ್ಯವಯಸ್ಸಿನವರಲ್ಲಿ ಕಾಣುವ ಸಾಮಾನ್ಯ ಮಧುಮೇಹವಾದರೆ (ಟೈಪ್ 2) ರೋಗ ಪತ್ತೆಯಾದ ದಿನವೇ ಮೊದಲ ಬಾರಿ, ಅನಂತರ ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಬೇಕು. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1 ಬಗೆಯವರಿಗೆ ರೋಗ ಬಂದು ಐದು ವರ್ಷವಾದ ಮೇಲೆ ವರ್ಷವರ್ಷವೂ. ಒಮ್ಮೆ ಹುಣ್ಣಾಗಿದ್ದವರಿಗೆ ಇನ್ನೂ ಬೇಗ ಬೇಗ.

ನೈಲಾನ್ ಎಳೆಯೂ ಇಲ್ಲದ ಕಡೆ? ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ಅದಕ್ಕೂ ದಾರಿ ಕಂಡುಹಿಡಿದಿದ್ದಾರೆ. ತೋರುಬೆರಳು ಸಾಕು. 2011ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಬೆರಳಿನ ಸ್ಪರ್ಶ ಪರೀಕ್ಷೆಯ ಫಲಿತಾಂಶ ನೈಲಾನ್ ಎಳೆಯ ಪರೀಕ್ಷೆಗೆ ಬಹುಮಟ್ಟಿಗೆ ಹೊಂದುತ್ತಿತ್ತು. ಮಾಡುವ ಬಗೆ ಹೀಗೆ. ಮಧುಮೇಹಿಯು ಕಾಲು ಚಾಚಿ ಮಲಗಲಿ ಅಥವಾ ಕೂರಲಿ. ಚಪ್ಪಲಿ, ಕಾಲುಚೀಲ ಇರಬಾರದು. ಬಲಗಾಲು ಯಾವುದು, ಎಡಗಾಲು ಯಾವುದು ಎಂದು ಮೊದಲು ಮುಟ್ಟಿ ಹೇಳಿರಿ. ಬಳಿಕ ಕಣ್ಣು ಮುಚ್ಚಲಿ. ಸ್ಪರ್ಶ ತಿಳಿದಾಗ "ಬಲ" ಅಥವಾ "ಎಡ" ಎಂದು ಹೇಳಬೇಕು. ನೀವು ತೋರುಬೆರಳಿನ ತುದಿಯಿಂದ ಬಲಗಾಲಿನ ಹೆಬ್ಬೆರಳ ತುದಿ, ಬಲಗಾಲಿನ ಕಿರುಬೆರಳು, ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು, ಬಳಿಕ ಬಲದ ನಡುಬೆರಳು, ಕೊನೆಗೆ ಎಡದ ನಡುಬೆರಳು ಹೀಗೆ ಆರು ಕಡೆ ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಬೇಕು. ಗರಿ ತಾಗಿದಷ್ಟು ಹಗುರ. ಒತ್ತಬಾರದು, ತಟ್ಟಬಾರದು, ತಿಕ್ಕಬಾರದು. ತಿಳಿಯದಿದ್ದರೆ ಅದೇ ಬೆರಳನ್ನು ಮತ್ತೆ ಮುಟ್ಟಬಾರದು. ಎರಡನೆಯ ಬಾರಿ ನಾವು ಅರಿಯದೆಯೇ ಜೋರಾಗಿ ಒತ್ತುತ್ತೇವೆ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯಲಿಲ್ಲವಾದರೆ ಪಾದದ ಸ್ಪರ್ಶಜ್ಞಾನ ಕುಂದಿರುವ ಸಂಭವವಿದೆ. ವೈದ್ಯರ ಬಳಿಗೆ ಹೋಗಲೇಬೇಕು.

ಮಾಮನ ಶಸ್ತ್ರಚಿಕಿತ್ಸೆಯಾದ ವಾರ ನಾನು ಇದನ್ನು ಮನೆಯಲ್ಲಿ ನನ್ನ ಉಮ್ಮನಿಗೆ ಮಾಡಿದೆ. ಅವರಿಗೂ ಮಧುಮೇಹವಿದೆ. ಮಗ ಕಾಲು ಮುಟ್ಟುತ್ತಾನೆಂದು ಮೊದಲು ನಕ್ಕರು, ಅನಂತರ ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೂ ಯಾಕೆ ಶುರು ಮಾಡಲಿಲ್ಲ ಮೋನೆ?" ಎಂದು ಕೇಳಿದರು. ನಾನು ಅದಾಗಲೇ ಬಲಗಾಲಿನ ಎರಡು ಬೆರಳುಗಳನ್ನು ಮುಟ್ಟಿಯಾಗಿತ್ತು.

ಉಮ್ಮ ಎಂದೂ ಕಾಲಿನ ಬಗ್ಗೆ ದೂರಿದವರಲ್ಲ. ವೈದ್ಯರು ಪರೀಕ್ಷಿಸಿ ನರ ಹಾನಿಯನ್ನು ಖಚಿತಪಡಿಸಿದರು. ಜತೆಗೆ ಬಿ12 ಜೀವಸತ್ವದ ಪರೀಕ್ಷೆಯನ್ನೂ ಬರೆದುಕೊಟ್ಟರು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿ ಬಿ12 ಕಡಿಮೆಯಾಗಿ, ಅದರಿಂದಲೂ ನರಗಳು ಸೊರಗುವುದುಂಟಂತೆ. ಅದು ಸರಿಪಡಿಸಬಹುದಾದ ಕಾರಣ. ಸಕ್ಕರೆಯಿಂದ ಸತ್ತ ನರವನ್ನು ಮರಳಿ ಬದುಕಿಸುವ ಔಷಧ ಇಲ್ಲ. ಸಕ್ಕರೆ ಹತೋಟಿಯಲ್ಲಿಟ್ಟು ಹಾನಿ ಮುಂದುವರಿಯುವ ವೇಗ ತಗ್ಗಿಸಬಹುದು, ಮರಗಟ್ಟಿದ ಪಾದವನ್ನು ಗಾಯದಿಂದ ಕಾಪಾಡಬಹುದು. ಇಷ್ಟು ಸಾಧ್ಯವಿರುವುದರಿಂದಲೇ ಮೊದಲೇ ತಿಳಿಯುವುದು ಮುಖ್ಯವಾಗುತ್ತದೆ. ಸ್ಪರ್ಶ ಪರೀಕ್ಷೆಯಲ್ಲಿ ಆರೂ ಬೆರಳು ಸರಿಯಾಗಿ ತಿಳಿದವರು ವೈದ್ಯರ ತಪಾಸಣೆ ಬಿಡಬಹುದೆಂದು ಮಾತ್ರ ಯಾರೂ ಭಾವಿಸದಿರಲಿ. ರಕ್ತ ಸಂಚಾರದ ದೋಷ ಈ ಪರೀಕ್ಷೆಗೆ ಸಿಗದು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ದಿನಕ್ಕೆ ಐದು ಹೊತ್ತು ಕಾಲು ತೊಳೆಯುವ ಸಮುದಾಯ ನಮ್ಮದು. ಹಿಮ್ಮಡಿಯನ್ನು ಒಣಗಲು ಬಿಟ್ಟು ಅವಸರದಲ್ಲಿ ವುಝೂ ಮುಗಿಸಿದವರನ್ನು ಪ್ರವಾದಿ(ಸ)ರು ಗಟ್ಟಿ ದನಿಯಲ್ಲಿ ಎಚ್ಚರಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅವರು ತಮ್ಮ ಕಿರುಬೆರಳಿನಿಂದ ಕಾಲ್ಬೆರಳುಗಳ ಸಂದಿಯನ್ನು ಉಜ್ಜುತ್ತಿದ್ದುದನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಎಡಗೈಯ ಕಿರುಬೆರಳಿನಿಂದ, ಬಲಗಾಲಿನ ಕಿರುಬೆರಳಲ್ಲಿ ಆರಂಭಿಸಿ ಎಡಗಾಲಿನ ಕಿರುಬೆರಳಲ್ಲಿ ಮುಗಿಸಬೇಕೆಂದು ಶಾಫಿಈ ಗ್ರಂಥಗಳು ಕ್ರಮವನ್ನೂ ಹೇಳಿವೆ. ಇಷ್ಟು ಕಾಳಜಿಯಿಂದ ಪಾದ ತೊಳೆಯುವವರಿಗೆ ಅಲ್ಲಿನ ಗಾಯ ತಿಳಿಯದೇ ಹೋಗುವುದು ಹೇಗೆ?

ನಾನು ಇದನ್ನು ತುಂಬ ಯೋಚಿಸಿದೆ. ನಮ್ಮ ಕೈಬೆರಳು ಕಾಲ್ಬೆರಳನ್ನು ಮುಟ್ಟಿದಾಗ ಸ್ಪರ್ಶ ತಿಳಿಯುವುದು ಕೈಗೆ. ಕಾಲಿಗೂ ತಿಳಿಯಿತೆಂದು ಮನಸ್ಸು ನಂಬುತ್ತದೆ. ಅದಕ್ಕಾಗಿಯೇ ಈ ಪರೀಕ್ಷೆಗೆ ಇನ್ನೊಬ್ಬರ ಬೆರಳು ಬೇಕು, ಮುಚ್ಚಿದ ಕಣ್ಣು ಬೇಕು. ತಮ್ಮ ಕಾಲನ್ನು ತಾವೇ ಪರೀಕ್ಷಿಸಿಕೊಂಡು "ನನಗೇನೂ ಇಲ್ಲ" ಎನ್ನುವವರ ಮಾತನ್ನು ಒಪ್ಪಲಾಗದು. ಮತ್ತೊಂದು ಕಾರಣ ನಮ್ಮ ಅಭ್ಯಾಸದ್ದು. ಕೈ ತನ್ನ ಕೆಲಸ ಮಾಡುತ್ತಿರುತ್ತದೆ, ಕಣ್ಣು ಇಕಾಮತ್ ಕೊಟ್ಟರೋ ಎಂದು ಒಳಗೆ ನೋಡುತ್ತಿರುತ್ತದೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ವುಝೂವಿನ ಫರ್ಳ್, ಸುನ್ನತ್ ಕಂಠಪಾಠ ಮಾಡಿಸಿದ್ದೇನೆ, ಆದರೆ ತೊಳೆಯುವ ಅಂಗವನ್ನು ಒಮ್ಮೆ ನೋಡಿ ಎಂದು ಹೇಳಿಕೊಟ್ಟ ನೆನಪಿಲ್ಲ. ಈಗ ಹೇಳುತ್ತೇನೆ. ಮನೆಯ ಅಜ್ಜ ಅಜ್ಜಿಯರ ಅಂಗಾಲನ್ನು ವಾರಕ್ಕೆರಡು ಬಾರಿಯಾದರೂ ನೋಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದ್ದೇನೆ.

ನಮ್ಮ ಉಪನ್ಯಾಸಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾಲಿನ ಪ್ರಸ್ತಾಪ ಬಂದಾಗ ನಾವು ಉರ್ವಾ ಇಬ್ನ್ ಝುಬೈರ್(ರ)ರ ಘಟನೆಯನ್ನು ಹೇಳುತ್ತೇವೆ. ಮದೀನಾದ ಏಳು ಮಹಾ ಕರ್ಮಶಾಸ್ತ್ರ ಪಂಡಿತರಲ್ಲಿ ಒಬ್ಬರಾದ ಅವರು ಖಲೀಫ ವಲೀದರನ್ನು ಕಾಣಲು ದಮಾಸ್ಕಸ್ಸಿಗೆ ಹೋದಾಗ ಕಾಲಿಗೆ ಕೊಳೆರೋಗ ತಗುಲಿತು, ಕಾಲು ಕತ್ತರಿಸಬೇಕಾಯಿತು, ಮತ್ತು ಬರಿಸುವ ಪಾನೀಯವನ್ನು ಅವರು ನಿರಾಕರಿಸಿ ಸಹನೆಯಿಂದ ಇದ್ದರು. ಕೇಳುವವರ ಕಣ್ಣು ತೇವವಾಗುತ್ತದೆ. ಆದರೆ ಅದೇ ಘಟನೆಯಲ್ಲಿ ವೈದ್ಯರನ್ನು ಕರೆಸಿದ್ದೂ, ರೋಗ ಮೇಲೇರದಂತೆ ಕತ್ತರಿಸಲೇಬೇಕೆಂಬ ಅವರ ಸಲಹೆಗೆ ಆ ಮಹಾನುಭಾವರು ಒಪ್ಪಿದ್ದೂ ಇದೆ. ಆ ಭಾಗವನ್ನು ನಾವು ಒತ್ತಿ ಹೇಳುವುದಿಲ್ಲ. ಸಹನೆ ತೋರಲು ಮೊದಲು ನೋವಾದರೂ ಇರಬೇಕು. ಮರಗಟ್ಟಿದ ಕಾಲನ್ನು ನೋಡದೆ ಬಿಟ್ಟವನ ನೆಮ್ಮದಿಯನ್ನು ಸಬರ್ ಎಂದು ಕರೆದರೆ ಆ ಪದಕ್ಕೆ ಅನ್ಯಾಯವಾಗುತ್ತದೆ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರು ಆದೇಶಿಸಿದ್ದು, ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಕಲಿಸಿದ್ದು ಎಲ್ಲರಿಗೂ ತಿಳಿದ ವಿಚಾರ.

ನಮ್ಮ ಕರಾವಳಿಯ ಬದುಕಿನಲ್ಲಿ ಬರಿಗಾಲಿಗೆ ಅಪಾಯಗಳು ಹೆಚ್ಚು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಸೀದಿ ಅಂಗಳದ ಕಾದ ಹಾಸುಕಲ್ಲು, ಕಡಲ ಬದಿಯ ಸುಡುವ ಮರಳು, ಮೀನಿನ ಮುಳ್ಳು, ಬೈಕಿನ ಸೈಲೆನ್ಸರ್. ಮಳೆಗಾಲದಲ್ಲಿ ಬೆರಳ ಸಂದಿ ಒಣಗುವುದೇ ಇಲ್ಲ. ಅಲ್ಲಿನ ಚರ್ಮ ಬೆಳ್ಳಗೆ ಮೆತ್ತಗಾಗಿ ಬಿರಿದರೆ ಸೋಂಕಿಗೆ ಬಾಗಿಲು ತೆರೆದಂತೆ. ವುಝೂವಿನ ಬಳಿಕ ಮಧುಮೇಹಿಗಳು ಸಂದಿಯ ನೀರನ್ನು ಬಟ್ಟೆಯಿಂದ ಒರೆಸಿಕೊಳ್ಳಲಿ, ಅಗತ್ಯವಿರುವವರಿಗೆ ಅದರಲ್ಲಿ ದೋಷವೇನೂ ಇಲ್ಲ. ಬಿಸಿನೀರಿಗೆ ಕಾಲಿಡುವ ಮೊದಲು ಮೊಣಕೈಯಿಂದ ಬಿಸಿ ನೋಡಿರಿ. ಉರಿ ಶಮನಕ್ಕೆಂದು ಬಿಸಿನೀರಿನ ಚೀಲ ಇಡುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಇವೆರಡನ್ನೂ ಇಂದೇ ನಿಲ್ಲಿಸಿರಿ. ಗಾಯವಾದವರಿಗೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದರೆ ಪಟ್ಟಿಯ ಮೇಲೆ ಮಸಹ್ ಮಾಡುವ, ತಯಮ್ಮುಮ್ ಮಾಡುವ ರಿಯಾಯಿತಿ ಧರ್ಮದಲ್ಲಿದೆ. ವಿವರವನ್ನು ನಿಮ್ಮ ಖತೀಬರಲ್ಲಿ ಕೇಳಿರಿ. ಗಾಯವನ್ನು ನೆನೆಸಿಕೊಂಡು ನಮಾಝ್ ಮಾಡುವ ಹಿರಿಯರನ್ನು ಕಂಡಾಗ ಸಂಕಟವಾಗುತ್ತದೆ.

ಹಜ್ಜ್, ಉಮ್ರಾಕ್ಕೆ ಹೊರಡುವವರಿಗೆ ಇದು ಇನ್ನೂ ಅಗತ್ಯ. ಹರಮಿನ ಬಾಗಿಲಲ್ಲಿ ಚಪ್ಪಲಿ ಕಳೆದುಕೊಂಡು ಕಾದ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ಅಂಗಾಲು ಸುಟ್ಟುಕೊಂಡ ಮಧುಮೇಹಿ ಯಾತ್ರಿಕರ ಬಗ್ಗೆ ವೈದ್ಯಕೀಯ ವರದಿಗಳಿವೆ. ಸುಟ್ಟದ್ದು ಅವರಿಗೆ ತಿಳಿಯುವುದು ವಸತಿಗೆ ಮರಳಿ ಗುಳ್ಳೆ ಕಂಡಾಗ. ಒಂದು ಜೊತೆ ಹೆಚ್ಚುವರಿ ಚಪ್ಪಲಿ ಚೀಲದಲ್ಲಿರಲಿ. ಹೊರಡುವ ಮೊದಲು ಪಾದ ಪರೀಕ್ಷೆ ಆಗಿರಲಿ. ತರಬೇತಿ ಶಿಬಿರಗಳಲ್ಲಿ ಲಸಿಕೆಯ ವಿಷಯ ಹೇಳುವವರು ಇದನ್ನೂ ಹೇಳಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ಇಷ್ಟು ಜನರ ಪಾದ ನೋಡಲು ದೊಡ್ಡ ಆಸ್ಪತ್ರೆಗಳಿಂದಷ್ಟೇ ಸಾಧ್ಯವಾಗದು. ಉಡುಪಿ ಜಿಲ್ಲೆಯವರಾದ ನಮಗೆ ಮಣಿಪಾಲ ಹತ್ತಿರವಿದೆ, ಅಲ್ಲಿನ ಆರೋಗ್ಯ ವೃತ್ತಿಗಳ ಕಾಲೇಜಿನ ಫಿಸಿಯೋಥೆರಪಿ ವಿಭಾಗದಲ್ಲಿ ಮಧುಮೇಹಿಗಳ ಪಾದ ಆರೈಕೆಗೆಂದೇ ಒಂದು ಕೇಂದ್ರವಿದೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಿಸಿದ ರಾಜ್ಯ ಸರಕಾರದ ಗೃಹ ಆರೋಗ್ಯ ಯೋಜನೆಯ ತಪಾಸಣಾ ಪಟ್ಟಿಯಲ್ಲಿ ಮಧುಮೇಹಿಯ ಪಾದವೂ ಸೇರಿದೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು "ನಮ್ಮ ಉಮ್ಮನ ಕಾಲನ್ನೂ ನೋಡಿ" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೇಳದಿದ್ದರೆ ಬಿಪಿ, ಶುಗರ್ ಬರೆದುಕೊಂಡು ಹೋಗುವುದೇ ಹೆಚ್ಚು.

ಜಮಾಅತ್ ಕಮಿಟಿಗಳಿಗೆ ನನ್ನ ವಿನಂತಿ ಇದೇ. ರಕ್ತದಾನ ಶಿಬಿರ, ಉಚಿತ ಶುಗರ್ ತಪಾಸಣೆ ನಮ್ಮ ಊರುಗಳಲ್ಲಿ ಚೆನ್ನಾಗಿ ನಡೆಯುತ್ತಿವೆ. ಆದರೆ ಶುಗರ್ ಶಿಬಿರದಲ್ಲಿ ಬೆರಳು ಚುಚ್ಚಿ ಒಂದು ಸಂಖ್ಯೆ ಬರೆದ ಚೀಟಿ ಕೊಟ್ಟು ಕಳುಹಿಸುತ್ತೇವೆ. ಅದೇ ಕುರ್ಚಿಯಲ್ಲಿ ಕೂತವರ ಚಪ್ಪಲಿ ಕಳಚಿಸಿ ಎರಡು ನಿಮಿಷ ಪಾದ ನೋಡಲು ಹೆಚ್ಚಿನ ಖರ್ಚು ಏನೂ ಇಲ್ಲ. ಹೆಣ್ಣುಮಕ್ಕಳಿಗೆ ಬೇರೆ ಕೊಠಡಿ, ನೋಡಲು ಮಹಿಳೆಯರೇ ಇರಲಿ. ನಮ್ಮಲ್ಲೇ ನರ್ಸಿಂಗ್ ಕಲಿತ ಹುಡುಗಿಯರು ಬೇಕಾದಷ್ಟು ಇದ್ದಾರೆ. ನಮ್ಮ ಮನೆಗಳ ಹೆಂಗಸರ ಪಾದವನ್ನು ಗಂಡಸರಷ್ಟೂ ಯಾರೂ ನೋಡುವುದಿಲ್ಲ. ಅಡುಗೆಮನೆಯಲ್ಲಿ ಬರಿಗಾಲಲ್ಲೇ ದಿನ ಕಳೆಯುವವರು ಅವರು, ಕಾಲಿನ ಮಾತೆತ್ತಿದರೆ "ವಯಸ್ಸಾಯಿತಲ್ಲ" ಎಂದು ಮುಗಿಸುವವರೂ ಅವರೇ.

ಇದನ್ನು ಮೊದಲ ಬಾರಿ ಪ್ರಸ್ತಾಪಿಸಿದಾಗ ಕಮಿಟಿಯ ಒಬ್ಬ ಹಿರಿಯರು, "ತಿಳಿಯದಿದ್ದವರನ್ನು ಮುಂದೆ ಕರೆದುಕೊಂಡು ಹೋಗುವವರು ಯಾರು?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಚೀಟಿ ಕೊಟ್ಟು ಬಿಟ್ಟರೆ ಅದು ತಲೆದಿಂಬಿನ ಅಡಿಯಲ್ಲೇ ಉಳಿಯುತ್ತದೆ. ಹೆಸರು ಬರೆದುಕೊಂಡು, ಮುಂದಿನ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮಣಿಪಾಲಕ್ಕೋ ಜತೆಗೆ ಹೋಗುವ ಇಬ್ಬರು ಯುವಕರು ಬೇಕು. ಅಂಗಾಲಿನಲ್ಲಿ ತೆರೆದ ಗಾಯ, ಕೆಂಪು, ಊತ, ವಾಸನೆ ಇದ್ದವರನ್ನು ವಾರ ಕಾಯಿಸದೆ ಅಂದೇ ಕರೆದೊಯ್ಯಬೇಕು.

ಮಾಮ ಈಗ ವಿಶೇಷ ಪಾದರಕ್ಷೆ ಹಾಕಿಕೊಂಡು ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಾರೆ. ಕಳೆದ ಶಿಬಿರದಲ್ಲಿ ಜನರನ್ನು ಸಾಲಾಗಿ ಕೂರಿಸಿ ಚಪ್ಪಲಿ ಕಳಚಿಸುವ ಕೆಲಸವನ್ನು ಅವರೇ ವಹಿಸಿಕೊಂಡರು. ಹಿಂಜರಿದವರಿಗೆ ತಮ್ಮ ಬಲಗಾಲಿನ ಕಾಲುಚೀಲ ಜಾರಿಸಿ ತೋರಿಸುತ್ತಿದ್ದರು.